ಮೊಳೆ

ಮಗಳ ಲಗ್ನಪತ್ರಿಕೆ ಒಯ್ಯುವ ದಿನ ಇಮಾಮಸಾಬನಿಗೆ
ನಲವತ್ತು ರೂಪಾಯಿ ಕಡಿಮೆ ಬಿತ್ತು.
ಧಾರವಾಡದ ಕಾಲೇಜಿನ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ
ಗಾಜು ತೊಳೆದು ರಿಟೈರಾದ ಮನುಷ್ಯ.
ಕಿಸೆಯಿಂದ ಕಾಗದದ ಪೊಟ್ಟಣವೊಂದು ತೆಗೆದು ಮೇಜಿನ ಮೇಲಿಟ್ಟ.
"ಅಕ್ಕಾರ, ಕರೇ ಹೂವಿನ ಬೀಜ ಇವು.
ನಿಮ್ಮ ಗದಗ ಬೆಟಗೇರ್ಯಾಗ ಯಾರ ಮನ್ಯಾಗೂ ಇಲ್ಲ.
ಸಾಲ್ಪಿಗ್ಲಾಸಿಸ್ ಅಂತಾರ."
ಕೇಳಿದೊಡನೆ ಬೆರಳು ಜೋಡಿಸತೊಡಗಿದವು:
ಎರಡು ಒತ್ತು, ಕೊನೆಗೊಂದು ಅರ್ಧಾಕ್ಷರ.

ಬಿಚ್ಚಿದರೆ ಬೀಜವೆಲ್ಲಿ?
ಎಂಟು ಪಾಯಿಂಟಿನ ಪೂರ್ಣವಿರಾಮವೂ ಇದಕ್ಕಿಂತ ದೊಡ್ಡದು.
ಒಮ್ಮೆ ಸೀನಿದ್ದರೆ
ನಲವತ್ತು ರೂಪಾಯಿ ಹಾರಿಹೋಗುತ್ತಿತ್ತು.

ಮಣ್ಣು ಮುಚ್ಚಬ್ಯಾಡ್ರಿ, ಅಂದಿದ್ದ. ಕತ್ತಲಿ ಮುಚ್ಚರಿ.

ಸೀಗಿ ಹುಣ್ಣಿಮೆಯ ಮರುದಿನ
ಶಾಯಿ ಡಬ್ಬಿಯ ಅಗಲ ಮುಚ್ಚಳದಲ್ಲಿ
ಮರಳು, ಎರೆಮಣ್ಣು, ಜರಡಿ ಹಿಡಿದ ಗೊಬ್ಬರ;
ಅದರ ಮೇಲೆ ಬೀಜ, ಉಪ್ಪು ಉದುರಿಸಿದ ಹಾಗೆ;
ಅದರ ಮೇಲೆ, ಹೆಸರು ತಪ್ಪಿ ರದ್ದಾದ
ಶಿವಗಣಾರಾಧನೆಯ ಕಾರ್ಡುಗಳು,
ಅಚ್ಚಾದ ಮುಖ ಕೆಳಗೆ.

ನಮ್ಮ ಓಣಿಗೆ ನಳ ಹನ್ನೆರಡು ದಿನಕ್ಕೊಮ್ಮೆ.
ಕುಡಿಯುವ ಕೊಡದಿಂದಲೇ,
ಕಣ್ಣೌಷಧದ ಖಾಲಿ ಬಾಟಲಿಯಲ್ಲಿ
ಹನಿ, ಇನ್ನೊಂದು ಹನಿ.

ಹದಿನೆಂಟನೆಯ ದಿನ ಕಾರ್ಡು ಎತ್ತಿದರೆ
"ಲಿಂಗೈಕ್ಯರಾದ" ಎಂಬಲ್ಲಿ
ಬಿಳಿ ಎಳೆಯೊಂದು ಅಂಟಿಕೊಂಡಿತ್ತು.
ಮೂವತ್ತೆರಡು ವರ್ಷ ಮೊಳೆ ಜೋಡಿಸಿದವಳು ನಾನು.
ಮೊಳೆ ಎಂದರೆ ಸೀಸ, ಕನ್ನಡಿಯೊಳಗಿನ ಅಕ್ಷರ.
ಅದು ಕ್ರಿಯಾಪದವೂ ಹೌದೆಂದು
ಅವತ್ತು ನೆನಪಾಯಿತು.

ಹನ್ನೊಂದು ಎದ್ದವು.
ನಾಲ್ಕನ್ನು ಗುಬ್ಬಿ ಕಿತ್ತವು.
ನಳ ಬಂದ ದಿನ ಖುಷಿಗೆ ನಾನೇ ನೀರು ಹೆಚ್ಚು ಮಾಡಿದೆ,
ಐದು ಕತ್ತು ಕೊಳೆತು ಮಲಗಿದವು.
ಉಳಿದವು ಎರಡು.
ಮುಟ್ಟಿದರೆ ಕಾಂಡ ಅಂಟಂಟು,
ಟ್ರೆಡಲ್ ರೋಲರಿನ ಮೇಲೆ ಶಾಯಿ ಹದಕ್ಕೆ ಬಂದಾಗ
ಬೆರಳನ್ನು ಬಿಡದೆ ಹಿಡಿಯುವಷ್ಟು.

ನೀಲವ್ವ ಕಟ್ಟೆಯ ಮೇಲಿಂದಲೇ ಕೇಳಿದಳು:
"ಕರೇ ಹೂವಾ? ಯಾವ ದೇವರಿಗೆ ಏರಸ್ತೀ ಅದನ್ನ?
ಹೆರಳಿಗೆ ಬರೂದಿಲ್ಲ.
ಹೆಣದ ಮ್ಯಾಲೂ ಚೆಂಡಹೂವನ ಹಾಕ್ತಾರು."

ಉತ್ತರ ಇರಲಿಲ್ಲ.
ನಮ್ಮ ಪ್ರೆಸ್ಸಿನಲ್ಲೂ ಅದೇ ಕಾನೂನು:
ಲಗ್ನಕ್ಕೆ ಕೆಂಪು, ಮನೆಯೊಕ್ಕಲಿಗೆ ಹಸಿರು,
ಸತ್ತವರಿಗೆ ಕಪ್ಪು.
ಕಪ್ಪಿನ ಡಬ್ಬಿಯೇ ಬೇಗ ತಳ ಕಾಣುತ್ತದೆ.

ಬನದ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ
ಶಟರ್ ಎತ್ತುತ್ತೇನೆ, ಅರಳಿದೆ.
ಕಪ್ಪು.
ಪಕ್ಕದಲ್ಲಿ ನನ್ನ ಹೆಬ್ಬೆರಳು ಹಿಡಿದೆ,
ಸೀಮೆಎಣ್ಣೆಗೂ ಬಿಡದ ಉಗುರು.
ಹೂವೇ ಒಂದು ಕೈ ಹೆಚ್ಚು.

ಆಮೇಲೆ ಎದುರು ಮಾಳಿಗೆ ದಾಟಿ ಬಿಸಿಲು ಬಂತು,
ಎಸಳಿನ ಬೆನ್ನಿಗೆ ಹೊಡೆಯಿತು.
ನೇರಳೆ ತಿಂದ ನಾಲಿಗೆ!
ಕೆಂಪೇ ಅದು, ಇಡೀ ಓಣಿಯ ಜನ
ಒಂದೇ ಖೋಲಿಯಲ್ಲಿ ತುಂಬಿಕೊಂಡ ಹಾಗೆ.

ನೀಲವ್ವ ಕಟ್ಟೆ ಇಳಿದು ಬಂದಳು,
ದೇವರ ಮಾತು ಎತ್ತಲಿಲ್ಲ.
"ಚಂದ್ರಕಾಳಿ ಸೀರಿ ಇತ್ತು ನಂದು," ಅಂದಳು,
"ಹಳೀದಾಗಿ ತೆಳ್ಳಗಾದ ಮ್ಯಾಲ
ಬಿಸಲಾಗ ಹಿಂಡಿ ಹಾಕಿದ್ರ
ಹಿಂಗ ಕಾಣ್ತಿತ್ತು."
ಸೆರಗಿನ ತುದಿಯನ್ನು ಹೂವಿನ ಹತ್ತಿರ ತಂದು
ಯಾಕೋ ಹಿಂದೆಗೆದುಕೊಂಡಳು.

ಶಿವರಾತ್ರಿಯ ಬಿಸಿಲಿಗೆ ಎರಡೂ ಒಣಗಿದವು.
ಕಾಯಿ ಒಡೆದು ಕಲ್ಲಿನ ಮೇಲೆ ಸುರುವಿಕೊಂಡಿದ್ದೆ,
ಮಡಚಲು ಕಾಗದ ಹುಡುಕುತ್ತಿದ್ದೆ.
ಹೋಗಿದ್ದ ಕರೆಂಟು ಬಂತು.
ಫ್ಯಾನು ತಿರುಗಿತು.
ಪಕ್ಕದಲ್ಲೇ ತೆರೆದಿದ್ದ ಅಕ್ಷರದ ಕೇಸು,
ನೂರಾರು ಖಾನೆ,
ಯಾವ ಖಾನೆಗೆ ಎಷ್ಟು ಬಿತ್ತೋ.

ಈಗ ಪ್ರೂಫಿನಲ್ಲಿ ಬೇಡದ ಕಡೆ ಚುಕ್ಕಿ ಕಂಡರೆ
ಬೈದುಕೊಳ್ಳುವುದಿಲ್ಲ.
ಸೀಗಿ ಹುಣ್ಣಿಮೆ ಬರಲಿ,
ಕೇಸನ್ನೇ ಬೋರಲು ಹಾಕಿ ಬೆನ್ನು ತಟ್ಟುತ್ತೇನೆ.
ಸೀಸ ಆರಿಸಿಕೊಳ್ಳುವುದು ಸುಲಭ.
ಉಳಿದ ಧೂಳಿನಲ್ಲಿ ಯಾವುದು ಧೂಳು ಎಂದು
ಕತ್ತಲೆಯೇ ಓದಿ ಹೇಳಬೇಕು.