ಡ್ಯೂಟಿ ಪಟ್ಟಿ

ಬುಲವಾಯೊ. ರಾತ್ರಿ ಪಾಳಿ.
ಪಟ್ಟಿಗೆ ಬಿಳಿ ಶಾಯಿ ಬಳಿದು ಬಳಿದು
ಕಾಗದವೇ ಗೋಡೆಯಷ್ಟು ದಪ್ಪ.
ಉಗುರಲ್ಲಿ ಕೆರೆದರೆ ಸಿಖನ್ಯಿಸೊ,
ಈಗ ಲೀಡ್ಸಿನಲ್ಲಿ. ಅದರಡಿ ಥೆಂಜಿವೆ.
ಅವಳಡಿ ಯಾರೋ, ಓದಲಾಗದು.

ಮೂವರ ಪಾಳಿಗೆ ನಾನೊಬ್ಬಳೇ,
ನಲವತ್ತೊಂದು ಹಾಸಿಗೆ.
ಹದಿನಾಲ್ಕರ ಅಜ್ಜ ನನ್ನನ್ನೂ
ಹೋದವಳ ಹೆಸರಲ್ಲೇ ಕರೆಯುತ್ತಾನೆ.
ಓಗೊಡುತ್ತೇನೆ.

ಕಚೇರಿಯಿಂದ ಫಾರಂ ಬಂದಿದೆ:
ಕೆಲಸದಲ್ಲಿ ತೃಪ್ತಿ ಎಷ್ಟು? ಒಂದರಿಂದ ಐದು.
ಒಂದಕ್ಕೆ ಸುತ್ತು ಹಾಕುವಷ್ಟರಲ್ಲಿ
ಅಜ್ಜನ ಚೀಲಕ್ಕೆ, ಮೂರು ದಿನದ ಮೇಲೆ,
ಉಚ್ಚೆ ಇಳಿಯಿತು.
ಗೆರೆ ಬಗ್ಗಿ ನೋಡಿ ಒಬ್ಬಳೇ ನಕ್ಕೆ.
ಇದಕ್ಕೆ ಯಾವ ಅಂಕಿ?

ಫಾರಂ ಮಡಚಿ
ಚಕ್ರ ಕಳಚಿದ ಡ್ರಿಪ್ ಕಂಬದ
ಕಾಲಿಗೆ ಒತ್ತು ಕೊಟ್ಟೆ.
ಬ್ಯಾಗಿನಲ್ಲಿ ಪಾಸ್‌ಪೋರ್ಟ್ ಅರ್ಜಿ.
ಅದನ್ನು ಮಾತ್ರ ಮಡಚಿಲ್ಲ.