ಏಳು ಗಂಟೆ ಐದು ನಿಮಿಷ, ಎರಡು ಸಲ

ಚಿತ್ತಾಪುರದ ಸ್ಟೇಷನ್ ರೋಡಿನಾಗ ನನ್ನ ಹಿಟ್ಟಿನ ಗಿರಣಿ.
ಗೂಡಿನಾಗ ಒಂದು ರೇಡಿಯೋ ಅದ,
ಜೋಳದ ಧೂಳು ಕುಂತು ಕುಂತು
ಅದರ ಕರಿ ಮೈ ಬೂದಿ ಆಗ್ಯಾದ.
ಮುಳ್ಳು ತಿರುವೋ ಗುಂಡಿ ಕಳದು ನಾಕು ವರ್ಷ,
ಆ ಜಾಗದಾಗ ಪೇಸ್ಟಿನ ಮುಚ್ಚಳ ತುರುಕೀನಿ.

ಗಿರಣಿ ಚಾಲೂ ಆದರ ಅದು ಖರ್ರ್ ಅಂತದ.
ಎದುರಿನ ರುಕ್ಮೊದ್ದೀನ ವೆಲ್ಡಿಂಗ್ ಹಿಡದರ ಚರಚರ.
ಹಿಂದಿನ ಓಣ್ಯಾಗ ಯಾರೋ ಸ್ವಿಚ್ ಒತ್ತಿದರೂ
ಟಪ್ ಅಂತ ಒಂದು ಸಪ್ಪಳ:
ಅವರ ಮನಿಗೆ ಕರೆಂಟ್ ಬಂತು, ನಮಗಿನ್ನೂ ಇಲ್ಲ,
ಸೆಲ್ಲಿನ ಮ್ಯಾಲೆ ನಡಿಯೋ ಇದು ನನಗ ಚಾಡಿ ಹೇಳ್ತದ.

ತಂಗಿ ಮಗ ಹಣಮಂತ್ರಾಯ ಬಾಡಿಗಿಗಂತ ಹೊಸ ಕಾರು ತಂದಾನ.
ಗಿರಣಿ ಮುಂದ ತಂದು ನಿಂದರಿಸಿ
ನಾಕೂ ಬಾಗಲಾ ತೆರದು,
"ದೊಡವ್ವಾ, ಕೇಳು. ಇದು ಡಿಜಿಟಲ್."

ಕೇಳಿದೆ.
ಖರೆ ಹೇಳ್ತೀನಿ,
ಇಪ್ಪತ್ತು ವರ್ಷದಿಂದ ಸುದ್ದಿ ಓದೋ ಆ ಹೆಣ್ಣುಮಗಳು
ನಡುವ ಉಸಿರು ತಗೋತಾಳ ಅಂತ ಅವತ್ತೇ ಗೊತ್ತಾಯ್ತು.
ಹಾಳಿ ತಿರುವಿದ್ದು ಕೇಳ್ತು.
ಅಕೀಗೆ ನೆಗಡಿ ಆಗಿತ್ತು.

ಆದರ ಒಳಗ ನಂದೂ ಚಾಲೂ ಇತ್ತಲ್ಲ.
"ಸಮಯ ಏಳು ಗಂಟೆ ಐದು ನಿಮಿಷ"
ಅಂದ್ಳು ಗೂಡಿನಾಗಿನಾಕಿ.
ನಾ ಒಂದು, ಎರಡು, ಮೂರು ಎಣಿಸೂದ್ರಾಗ
ಕಾರಿನಾಗಿನಾಕಿ ಅದನ್ನೇ ಅಂದ್ಳು,
ಬೆನ್ನ ಹಿಂದ ನಿಂತು ಅಣಕಿಸಿದಾಂಗ.

ಯಾಕೋ ತಡ?
"ಅದು ಮಾತಿನ್ನ ಅಂಕಿ ಮಾಡ್ತದ ದೊಡವ್ವಾ,
ಗಂಟು ಕಟ್ಟಿ ಕಳಸ್ತದ, ಇಲ್ಲಿ ಬಂದು ಬಿಚ್ಚತದ,
ಬಿಚ್ಚಿ ಮತ್ತ ಮಾತು ಮಾಡ್ತದ."
ಅಂದ್ರ, ಬೀಸಿದ ಹಿಟ್ಟಿನಿಂದ ತಿರುಗಿ ಕಾಳು ಮಾಡಿದಾಂಗೋ?
ಅವ ನಕ್ಕ. ಹಾಂಗೇ, ಅಂದ.
ಇಷ್ಟು ವರ್ಷ ಗಿರಣಿ ನಡಸೀನಿ,
ಅದೊಂದು ನನ್ನ ಕೈಲೆ ಆಗಿಲ್ಲ.

ನೆರಿಮನಿ ಖಾಜಾಬಿಗೆ ಕಿವಿ ಮಂದ.
ಕಿವ್ಯಾಗಿನ ಮಿಷನ್ನಿಗೆ ನನ್ನ ರೇಡಿಯೋ ಅಂದ್ರ
ತಗಡಿನ ಮ್ಯಾಲೆ ಜಲ್ಲಿ ಸುರದಾಂಗ.
ಯಾವಾಗಲೂ ಡಬ್ಬಿ ಇಟ್ಟು ಹೊಳ್ಳಿ ಹೋಗಾಕಿ
ಅವತ್ತು ಕಾರಿನ ಹಿಂದಿನ ಸೀಟಿನಾಗ ಕುಂತ್ಳು.
ಸಕ್ರಿ ರೋಗದ ಬಗ್ಗೆ ಡಾಕ್ಟರ್ ಮಾತಾಡ್ಲಿಕತ್ತಿದ್ರು.
ಅರ್ಧ ತಾಸು ಇಳೀಲಿಲ್ಲ.
ಒಂದೊಂದು ಮಾತಿಗೂ ತಲಿ ಹಾಕಿದಳು.
ನನ್ನ ರೇಡಿಯೋ ಪರವಾಗಿ ಹೇಳಬೇಕಂತ
ಬಾಯಿಗೆ ಬಂದಿದ್ದು ನುಂಗಿದೆ.

ಐತಾರ ಸಂಜಿ. ಮುಗಲು ನಿಚ್ಚಳ.
ಗೂಡಿನಾಗಿಂದ ಛಟ್ ಅಂತು.
ಜರಾ ಬಿಟ್ಟು ಮತ್ತ ಛಟ್, ಛಟ್.
ಕಾಗಿಣಾ ಆಚಿ ಕಡಿ ಎಲ್ಲೋ ಮಿಂಚ್ಲಿಕತ್ತದ.
ಖಾಜಾಬೀ, ಮಾಳಗಿ ಮ್ಯಾಲಿನ ಶಾವಿಗಿ ತಗೀ! ಅಂತ
ಕೈ ಮಾಡಿ, ಒದರಿ, ಮತ್ತ ಕೈ ಮಾಡಿದೆ.
ಕಾರಿನಾಗ ಒಬ್ಬವ ಛಂದ ಸಿತಾರ ಬಾರಸ್ಲಿಕತ್ತಿದ್ದ,
ಅವಗ ಯಾವ ಮಿಂಚಿನ ಖಬರೂ ಇಲ್ಲ.

ಗಾಳಿ ಬಂತು, ಮಳಿ ಬಂತು,
ಕಾರಿನ ಸಿತಾರ ಎರಡು ಸಲ ಬಿಕ್ಕಿ
ಗಪ್ಪಾಯ್ತು.
ಖರ್ ಇಲ್ಲ, ಚರ್ ಇಲ್ಲ,
ಒಳಗ ಯಾರೂ ಇರಲೇ ಇಲ್ಲೇನೋ ಅನ್ನುವಷ್ಟು ಗಪ್ಪು.
ಇದ್ದರ ಪೂರಾ, ಇಲ್ಲಂದ್ರ ಇಲ್ಲ, ಅಂದ ಹಣಮಂತ್ರಾಯ,
ಪರದೆಗೆ ಎರಡು ಏಟು ಹಾಕಿ.
ನಂದು ಹರಕು ಮುರುಕು ಹೇಳ್ಕೊಂತೇ ಇತ್ತು.
"ಗುಡುಗು ಸಹಿತ" ಅಂತು, ಮುಂದಿಂದು ಸಿಡಿಲು ತಿಂತು.
ಅರ್ಧ ಮಾತು ನಾ ತುಂಬಿದೆ. ರೂಢಿ ಅದ.

ಕಾರಿಲ್ಲದ ಬರೇ ಡಬ್ಬಿ ಎಷ್ಟಕ್ಕ ಬರ್ತದೋ? ಅಂದೆ.
ಅಂವ ರೇಟ್ ಹೇಳಿದ.
ಎರಡು ತಿಂಗಳ ಬೀಸಾಟ. ನೋಡೂಣು.

ಸಧ್ಯಕ್ಕ ಮುಂಜಾನಿ ಏಳಕ್ಕ ಕಾರು ಬರ್ತದ,
ಹಿಂದಿನ ಸೀಟಿನಾಗ ಖಾಜಾಬಿ, ಕಟ್ಟಿ ಮ್ಯಾಲೆ ನಾನು.
ಹೋದ ಮಂಗಳವಾರ ಸುದ್ಯಾಗ
ನಿಂತು ಹೋದ ನಮ್ಮ ಪ್ಯಾಸೆಂಜರ್ ಗಾಡಿ
ಮತ್ತ ಸುರು ಆಗ್ತದ ಅಂದ್ರು.
ಅದ್ರಾಗ ಅಕಿ ಮಗಳ ಮನಿಗೆ ಹೋಗಾಕಿ.
ನನಗ ಗೊತ್ತಾಯ್ತು, ಅಕೀಗೆ ಇನ್ನೂ ಇಲ್ಲ.
ಅಕಿ ಮಾರಿ ನೋಡ್ಕೊಂತ ಎಣಿಸಿದೆ:
ಒಂದು,
ಎರಡು.