ಏಳು ಗ್ರಾಂ ಜಾಸ್ತಿ

ಹಟ್ಟಿಗೆ ನಾನು ಚಿನ್ನ ನೋಡಲು ಹೋದವನಲ್ಲ.
ತೂಕ ಮತ್ತು ಅಳತೆ ಇಲಾಖೆ, ರಾಯಚೂರು;
ಚೀಲದಲ್ಲಿ ಹಿತ್ತಾಳೆಯ ಮಾದರಿ ಬಟ್ಟು ಒಂದು ಸೆಟ್ಟು,
ಮುದ್ರೆ ಒತ್ತುವ ಉಳಿ, ಸುತ್ತಿಗೆ,
ರಸೀದಿ ಪುಸ್ತಕ.

ಲಿಂಗಸುಗೂರು ದಾಟಿದ ಮೇಲೆ ಬಸ್ಸಿನಲ್ಲಿ ಉಳಿದದ್ದು
ಆರು ಜನ, ಒಂದು ಹೋತ.
ಜಾಲಿ, ಕರಿನೆಲ, ಮತ್ತೆ ಜಾಲಿ. ಆಮೇಲೆ ಒಮ್ಮೆಗೇ
ಬೂದಿ ಬಣ್ಣದ ಗುಡ್ಡ, ಒಂದು ಎಸಳು ಹುಲ್ಲಿಲ್ಲ.
"ಅದು ಗುಡ್ಡ ಅಲ್ರೀ," ಅಂದ ಪಕ್ಕದವನು,
"ನಮ್ಮಪ್ಪ ಕೆಳಗಿಂದ ಕಳಿಸಿದ್ದು."

ಕಿರಾಣಿ, ಮಟನ್ನು, ಗುಜರಿ; ಮಧ್ಯಾಹ್ನದೊಳಗೆ ಹನ್ನೊಂದು ತಕ್ಕಡಿ.
ಬಂಗಾರ ತೂಗುವ ತಕ್ಕಡಿ ಗೇಟಿನ ಆಚೆ,
ನನ್ನ ಪಟ್ಟಿಯಲ್ಲಿಲ್ಲ.

ತರಕಾರಿ ಸಾಲಿನ ಕೊನೆಗೆ ದುರುಗಮ್ಮ,
ಗೋಣಿತಟ್ಟಿನ ಮೇಲೆ ಹಸಿಮೆಣಸು, ಬದನೆ, ಪುಂಡಿಪಲ್ಯ.
ಕಿಲೋ ಬಟ್ಟು ಸರಿ, ಅರ್ಧ ಸರಿ.
ಪಾವ್ ಕಿಲೋಗೆ ಬಟ್ಟಿಲ್ಲ, ಕಲ್ಲು:
ಕಪ್ಪು, ನಡುವೆ ಬಿಳಿ ಗೀರು,
ಗೀರಿನೊಳಗೆ ಸಾಸಿವೆಯಷ್ಟು ಹಳದಿ.

"ಇದು ನಡೆಯೋದಿಲ್ಲಮ್ಮ, ಜಪ್ತಿ ಮಾಡಬೇಕಾಗ್ತದೆ."
"ಮಾಡ್ರಿ," ಅಂದಳು, ಮೆಣಸಿಗೆ ನೀರು ಚಿಮುಕಿಸುತ್ತ,
"ಮೊದಲ ತೂಗಿ ನೋಡ್ರಿ."

ಎತ್ತಿದೆ. ಮುಳ್ಳು ನಿಲ್ಲುತ್ತಿಲ್ಲ.
ಗಾಳಿಯಿಲ್ಲ. ಕೈಯೂ ನಡುಗುತ್ತಿಲ್ಲ.
"ತಡ್ಕೊಳ್ರಿ, ಕೆಳಗ ಬ್ಲಾಸ್ಟಿಂಗ್ ಟೈಮು."
ಅಂಗಾಲಿಗೆ ಮೊದಲು ಗೊತ್ತಾಯಿತು, ಕಿವಿಗೆ ಆಮೇಲೆ,
ಯಾರೋ ಬಹಳ ಕೆಳಗೆ ಬಾಗಿಲು ಹಾಕಿಕೊಂಡ ಹಾಗೆ.
ಬದನೆಕಾಯಿಯೊಂದು ತನ್ನಷ್ಟಕ್ಕೆ ಉರುಳಿ ನಿಂತಿತು.
ಸಾಲಿನಲ್ಲಿ ಯಾರೂ ಮಾತು ನಿಲ್ಲಿಸಲಿಲ್ಲ,
ಆದರೆ ಎಲ್ಲರ ಬೆರಳೂ ಮಡಚುತ್ತಿದ್ದವು.
ಎಂಟು, ಒಂಬತ್ತು.
"ಇನ್ನೊಂದು ಐತಿ," ಅಂದಳು.
ಕಾದೆವು.
ಹತ್ತು.
"ಈಗ ಎತ್ರಿ."

ಇನ್ನೂರೈವತ್ತರ ಜೊತೆ ಐದು, ಮತ್ತೆ ಎರಡು;
ಮುಳ್ಳು ನೆಟ್ಟಗಾಯಿತು.
"ಏಳು ಗ್ರಾಂ ಜಾಸ್ತಿ ಇದೆ. ನಿಮಗೇ ಲುಕ್ಸಾನು."
"ಗೊತ್ತೈತ್ರಿ. ನಮ್ಮ ಮನಿಯವ್ರು ಬುತ್ತಿ ಡಬ್ಬ್ಯಾಗ ತಂದಿದ್ರು.
ರಾತ್ರಿಯೆಲ್ಲಾ ಚಿಮಣಿ ಹಚ್ಚಿ ನೋಡೀವಿ.
ಕಾಗಿಬಂಗಾರ ಅಂದ ಒಬ್ಬ. ಖರೇದು ಅಂದ ಇನ್ನೊಬ್ಬ.
ಒಡದು ನೋಡು ಅಂದ್ರು.
ಒಡದ್ರ ಗೊತ್ತಾಗಿ ಬಿಡ್ತದಲ್ರಿ."

ಕಾಯಿದೆಯಲ್ಲಿ ಕಡಿಮೆಯೂ ತಪ್ಪು, ಜಾಸ್ತಿಯೂ ತಪ್ಪು.
ಕಲ್ಲಿಗೆ ಮುದ್ರೆ ಕೂರುವುದಿಲ್ಲ,
ಉಳಿ ಇಟ್ಟರೆ ಗೀರಿನಲ್ಲೇ ಸೀಳುತ್ತದೆ.
ಪೆನ್ನು ತೆಗೆದೆ. ಪಾವ್ ಕಿಲೋ ಮೆಣಸಿನಕಾಯಿ ಕೊಡಿ ಅಂದೆ.

ಆ ದಿನದ ಪುಸ್ತಕದಲ್ಲಿ ಹನ್ನೊಂದೇ ಇದೆ.
ವಾಪಸು ಬಸ್ಸಿನಲ್ಲಿ ಪೊಟ್ಟಣ ಬಿಚ್ಚಿದೆ:
ಏಳು ಗ್ರಾಂ ಅಂದರೆ ಎರಡು ಮೆಣಸಿನಕಾಯಿ.
ಯಾವ ಎರಡು,
ಗೊತ್ತಾಗಲಿಲ್ಲ.